ಫೋನ್ ಮಾಡಿದ್ರಿ, ಸರಿ. ಆಮೇಲೆ ಎಲ್ಲಿ ಹೋದ್ರಿ?

ಬೀದಿನಾಯಿಗೆ ಪೆಟ್ಟಾದರೆ ಅದು ನನ್ನ ನಾಯಿ. ಯಾರಿಗಾದರೂ ಕಚ್ಚಿದರೆ ಖಂಡಿತ ನನ್ನ ನಾಯಿ. ರಾತ್ರಿ ಕಾಂಪೌಂಡ್ ಹಾರಲು ಬಂದವನನ್ನು ಬೊಗಳಿ ಓಡಿಸಿದರೆ ಮಾತ್ರ ಅದು "ನಮ್ಮ ಬೀದಿ ನಾಯಿ". ಈ ಲೆಕ್ಕ ಯಾರು ಹೇಳಿಕೊಟ್ಟರೋ, ನಮ್ಮೂರಲ್ಲಿ ಎಲ್ಲರಿಗೂ ಬಾಯಿಪಾಠ ಆಗಿದೆ.

ನಾನು ಬೀದಿನಾಯಿಗಳನ್ನು ನೋಡಿಕೊಳ್ಳುವ ವಾಲಂಟಿಯರ್. ಸಂಬಳ ಇಲ್ಲ, ಆಂಬುಲೆನ್ಸ್ ಇಲ್ಲ, ಶೆಲ್ಟರ್ ಇಲ್ಲ. ಒಂದು ಹಳೇ ಸ್ಕೂಟರ್ ಇದೆ. ಅದರ ಡಿಕ್ಕಿಯಲ್ಲಿ ಗಾಜ್ ಬಟ್ಟೆ, ಬೆಟಾಡಿನ್, ಗಾಯದ ಹುಳ ತೆಗೆಯುವ ಪುಡಿ, ಹರಿದ ಬೆಡ್‌ಶೀಟು. ಅಷ್ಟೇ ನನ್ನ ಆಸ್ಪತ್ರೆ. ಹಗಲು ಬೇರೆ ಕಡೆ ದುಡಿದು ಹೊಟ್ಟೆ ಹೊರೆಯುತ್ತೇನೆ. ಆದರೆ ಫೋನ್ ಮಾಡುವವರ ಗತ್ತು ಕೇಳಬೇಕು ನೀವು. ಅವರ ಮನೆಯ ಕಂದಾಯದಲ್ಲೇ ನನಗೆ ಪಗಾರ ಬರುತ್ತಿದೆ ಅನ್ನಬೇಕು, ಹಾಗೆ.

"ಮೇಡಂ, ಇಲ್ಲೊಂದು ನಾಯಿಗೆ ಕಾರು ಹೊಡೆದಿದೆ. ಬಂದು ತಗೊಂಡು ಹೋಗಿ."

"ಎಲ್ಲಿ ಸರ್? ನಾನು ಬರೋವರೆಗೂ ಅಲ್ಲೇ ಇರ್ತೀರಾ?"

"ಅಯ್ಯೋ ಇಲ್ಲ, ನಾನು ಆಗಲೇ ಆಫೀಸಿಗೆ ಬಂದೆ. ಲೊಕೇಶನ್ ಕಳಿಸ್ತೀನಿ."

ಲೊಕೇಶನ್ ಅಂದರೆ ಅರ್ಧ ರಿಂಗ್ ರೋಡು. ಪೆಟ್ಟು ಬಿದ್ದ ನಾಯಿ ನನಗಾಗಿ ಅಲ್ಲೇ ಕೂತು ಕಾಯುತ್ತಾ? ನೋವಾದ ಪ್ರಾಣಿ ಮೊದಲು ಅಡಗಿಕೊಳ್ಳಲು ಜಾಗ ಹುಡುಕುತ್ತದೆ. ಮೋರಿಯೊಳಗೆ, ನಿಂತ ಲಾರಿ ಕೆಳಗೆ, ಖಾಲಿ ಸೈಟಿನ ಪಾರ್ಥೇನಿಯಂ ನಡುವೆ. ನಾನು ಟಾರ್ಚ್ ಹಿಡಿದು ಬಗ್ಗಿ ಬಗ್ಗಿ ನೋಡುತ್ತಿರುವಾಗ ವಾಟ್ಸ್ಯಾಪ್‌ನಲ್ಲಿ "ಸಿಕ್ತಾ ಮೇಡಂ?" ಅಂತ ಮೆಸೇಜು, ಜೊತೆಗೆ ಕೈಮುಗಿಯುವ ಎಮೋಜಿ. ಸಿಗಲಿಲ್ಲ ಅಂದರೆ "ಛೇ, ನೀವು ಇನ್ನೂ ಬೇಗ ಬರಬೇಕಿತ್ತು."

ಕಳೆದ ಮಳೆಗಾಲದ್ದು ಒಂದು ಹೇಳುತ್ತೇನೆ. ಟೀ ಅಂಗಡಿ ಮುಂದೆ ಕರಿಯ ಅಂತ ಒಂದು ನಾಯಿ. ಕಿವಿ ಹಿಂದೆ ಕಚ್ಚಾಟದ ಸಣ್ಣ ಗಾಯ. ಮಳೆಗಾಲದಲ್ಲಿ ಗಾಯದ ಮೇಲೆ ನೊಣ ಕೂತರೆ ಒಂದು ದಿನ ಸಾಕು, ಹುಳ ಆಗುತ್ತವೆ. ಅವು ಮಾಂಸ ತಿನ್ನುತ್ತಾ ಒಳಗೆ ಇಳಿಯುತ್ತವೆ. ನನಗೆ ಫೋನ್ ಬರುವಷ್ಟರಲ್ಲಿ ತೂತು ಎಷ್ಟು ದೊಡ್ಡದಾಗಿತ್ತು ಅಂದರೆ ನನ್ನ ಹೆಬ್ಬೆರಳು ಸಲೀಸಾಗಿ ಹೋಗುತ್ತಿತ್ತು. ವಾಸನೆಗೆ ಎರಡು ಅಂಗಡಿ ಆಚೆಯವರೂ ಮೂಗು ಮುಚ್ಚಿಕೊಂಡಿದ್ದರು. ಅಂದರೆ ಎಲ್ಲರಿಗೂ ಗೊತ್ತಿತ್ತು, ಎಷ್ಟೋ ದಿನದಿಂದ.

ಗಾಜ್ ಬಟ್ಟೆಯಲ್ಲಿ ಬಾಯಿ ಕಟ್ಟಿದೆ. ಪುಡಿ ಉದುರಿಸಿದೆ. ಉಸಿರು ಕಟ್ಟಿ ಹುಳ ಒಂದೊಂದೇ ಮೇಲೆ ಬಂದವು, ಅನ್ನದ ಅಗುಳಿನ ಹಾಗೆ. ಚಿಮಟದಲ್ಲಿ ಹೆಕ್ಕಿ ಹೆಕ್ಕಿ ಪೇಪರ್ ಮೇಲೆ ಹಾಕುತ್ತಿದ್ದೆ. ಸುತ್ತ ಜನವೋ ಜನ. ಯಾರಾದರೂ ತಲೆ ಹಿಡಿದುಕೊಳ್ಳಿ ಅಂದೆ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು, ಮೊಬೈಲ್ ಮಾತ್ರ ಇಳಿಸಲಿಲ್ಲ. ಒಬ್ಬ ಹಿರಿಯರು, "ಏನಮ್ಮಾ ಇಷ್ಟೊತ್ತು, ಒಂಚೂರು ಸೀಮೆಎಣ್ಣೆ ಹುಯ್ಯಿ, ಎಲ್ಲ ಸತ್ತು ಹೋಗ್ತವೆ" ಅಂದರು. ಸತ್ತು ಹೋಗುತ್ತವೆ ಅಜ್ಜಾ, ಜೊತೆಗೆ ಹಸಿ ಗಾಯವೂ ಸುಟ್ಟು ಹೋಗುತ್ತದೆ. ಫಿನಾಯಿಲ್ ಹಾಕಿ ಅನ್ನುವ ಪಂಡಿತರೂ ಇದ್ದಾರೆ. ಅವರ ಮೊಣಕಾಲು ತರಚಿದಾಗ ಫಿನಾಯಿಲ್ ಬಾಟ್ಲಿ ತಗೊಂಡು ಹೋಗಿ ನಿಲ್ಲಬೇಕು ಅಂತ ನನಗೆ ಬಹಳ ಆಸೆ.

ಕೊನೆಗೆ ತಲೆ ಹಿಡಿದವನು ಟೀ ಲೋಟ ತೊಳೆಯುವ ಹುಡುಗ. ಕೈ ಒರೆಸಿಕೊಂಡು ಬಂದು ಸುಮ್ನೆ ಕೂತ. ಕರಿಯನ ಹಣೆ ಸವರುತ್ತಾ, "ಆಯ್ತು ಕಣೋ, ಆಯ್ತು" ಅನ್ನುತ್ತಿದ್ದ. ನಾನು ಹೇಳಿಕೊಟ್ಟ ಮೇಲೆ ಪುಡಿ ಹಾಕುವುದನ್ನೂ ಕಲಿತ, ನೊಣ ಓಡಿಸುವ ಸ್ಪ್ರೇ ಹೊಡೆಯುವುದನ್ನೂ ಕಲಿತ. ದೀಪಾವಳಿ ಹೊತ್ತಿಗೆ ಗಾಯ ಮುಚ್ಚಿ ಕೂದಲು ಬಂದಿತ್ತು. ನನ್ನ ಸ್ಕೂಟರ್ ಸದ್ದು ಕೇಳಿದರೆ ಕರಿಯ ಬಾಲ ಅಲ್ಲ, ಇಡೀ ಸೊಂಟವನ್ನೇ ಆಡಿಸುತ್ತಾ ಬರುತ್ತಾನೆ. ನಿಜ ಹೇಳಬೇಕು ಅಂದರೆ ಅದೊಂದನ್ನು ನೋಡಿದ ದಿನ ನಾನು ರಾಣಿ.

ಆ ಖುಷಿಯನ್ನೂ ಉಳಿಸಲ್ಲ ಜನ. ಅದೇ ಅಂಗಡಿ ಮುಂದೆ ಮೊನ್ನೆ ಒಬ್ಬರು, "ನೀವು ಔಷಧಿ ಹಾಕಿ ಬದುಕಿಸಿದ್ರಲ್ಲ, ಈಗ ನನ್ನ ಬೈಕ್ ಹಿಂದೆ ಓಡುತ್ತೆ, ನಿಮ್ಮ ಮನೆಗೆ ಕರ್ಕೊಂಡು ಹೋಗಿ" ಅಂದರು.

ಮನೆ! ನಮ್ಮ ಮನೆ ಗೇಟಿನ ಮುಂದೆ ರಟ್ಟಿನ ಡಬ್ಬ ಇಟ್ಟು ಹೋಗುವುದು ಇನ್ನೊಂದು ಚಾಳಿ. ಮೇಲೆ ಟೇಪ್ ಅಂಟಿಸಿ, ಉಸಿರಾಡಲು ಪೆನ್ನಲ್ಲಿ ಎರಡು ತೂತು. ಎಂಥಾ ಕರುಣೆ ನೋಡಿ! ಒಳಗೆ ಕಣ್ಣೂ ಬಿಡದ ಮರಿಗಳು. ಇವಕ್ಕೆ ರಾತ್ರಿಯೆಲ್ಲ ಎರಡು ಮೂರು ಗಂಟೆಗೊಮ್ಮೆ ಬಾಟ್ಲಿಯಲ್ಲಿ ಹಾಲು ಕುಡಿಸಬೇಕು, ಒದ್ದೆ ಹತ್ತಿಯಲ್ಲಿ ಒರೆಸಿ ಉಚ್ಚೆ ಮಾಡಿಸಬೇಕು. ತಾಯಿ ಹಾಲು ತಪ್ಪಿದ ಮರಿಗೆ ಪಾರ್ವೋ ಅನ್ನುವ ವೈರಸ್ ಕಾಯಿಲೆ ಬಂದರೆ ರಕ್ತ ಭೇದಿಯಾಗಿ ಕಣ್ಣೆದುರೇ ಹೋಗುತ್ತದೆ. ಡಬ್ಬ ಇಟ್ಟವರು ಅಷ್ಟೊತ್ತಿಗೆ "ಒಳ್ಳೇ ಕಡೆ ಬಿಟ್ಟು ಬಂದೆ" ಅಂತ ನೆಮ್ಮದಿಯಾಗಿ ನಿದ್ದೆ ಮಾಡುತ್ತಿರುತ್ತಾರೆ. ಅವರ ಬೀದಿಯಲ್ಲಿ ತಾಯಿನಾಯಿ ಮೊಲೆ ಬಾತುಕೊಂಡು ಮರಿ ಹುಡುಕುತ್ತಾ ಅಳುತ್ತಿರುತ್ತದೆ. ಅದಕ್ಕೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ ಅಂದರೆ ಯಾರಿಗೂ ಪುರುಸೊತ್ತಿಲ್ಲ. ಕೆಲವೇ ತಿಂಗಳಲ್ಲಿ ಮತ್ತೆ ಮರಿ, ಮತ್ತೆ ಡಬ್ಬ.

ಡಬ್ಬದಲ್ಲಿ ಜಾಸ್ತಿ ಹೆಣ್ಣುಮರಿಗಳೇ ಇರುತ್ತವೆ, ಗಂಡನ್ನು ಯಾರೋ ಮೊದಲೇ ಆರಿಸಿಕೊಂಡಿರುತ್ತಾರೆ. ದತ್ತು ಕೇಳುವವರ ಮೊದಲ ಪ್ರಶ್ನೆಯೂ "ಗಂಡು ಇದೆಯಾ?" ಎರಡನೆಯದು "ಲ್ಯಾಬ್ರಡಾರ್ ಇದೆಯಾ?" ನಾಯಿಯ ವಿಷಯದಲ್ಲೂ ನಮ್ಮ ಬುದ್ಧಿ ಬಿಡಲ್ಲ ನಾವು.

ಕಾನೂನು ಇಲ್ವಾ ಅಂತ ಕೇಳುತ್ತೀರಿ. ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಇವತ್ತು ಒಂದು ಮಸಾಲೆ ದೋಸೆಗೂ ಸಾಲದು. ವಿಷ ಹಾಕಿ ಕೊಂದರೆ, ಕೈಕಾಲು ಮುರಿದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ 5 ವರ್ಷದವರೆಗೆ ಜೈಲು ಇದೆ. ಆದರೆ ಪೊಲೀಸರು ದೂರು ಬರೆದುಕೊಳ್ಳಬೇಕಲ್ಲ? "ಮನುಷ್ಯರ ಕೇಸೇ ಬಾಕಿ ಬಿದ್ದಿದೆ, ನಾಯಿದು ತಂದಿದ್ದೀರಲ್ಲ" ಅಂತ ನಕ್ಕು ಕಳಿಸುತ್ತಾರೆ.

2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಬೀದಿನಾಯಿಗಳಿಗೆ ಆಪರೇಷನ್ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ಗುರುತಿಗೆ ಕಿವಿಯ ತುದಿ ಚೂರು ಕತ್ತರಿಸಿ ಹಿಡಿದ ಜಾಗದಲ್ಲೇ ಬಿಡಿಸಬೇಕಾದ್ದು ಊರಿನ ಆಡಳಿತ. ನಾನಲ್ಲ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಬೀದಿಯಲ್ಲಿ ಎಲ್ಲೆಂದರಲ್ಲಿ ಊಟ ಹಾಕಬೇಡಿ, ಅದಕ್ಕೆ ಜಾಗ ಗುರುತಿಸಿ ಎಂದಿತು. ಇದರಲ್ಲಿ ಮೊದಲರ್ಧ ಮಾತ್ರ ನಮ್ಮ ಲೇಔಟಿನವರಿಗೆ ಕೇಳಿಸಿದೆ. ಜಾಗ ಎಲ್ಲಿ ಅಂದರೆ ಮುಖ ಮುಖ ನೋಡುತ್ತಾರೆ. ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ನಾಯಿಗಳನ್ನು ಶೆಲ್ಟರಿಗೆ ಸಾಗಿಸಿ ಅಂತ ಇನ್ನೊಂದು ಆದೇಶ ಬಂತು. ಶೆಲ್ಟರ್ ಎಲ್ಲಿದೆ ಅಂತ ಯಾರನ್ನು ಕೇಳಿದರು ಗೊತ್ತಾ? ನನ್ನನ್ನು!

ಭಯ ಇರುವವರ ಮೇಲೆ ನನಗೆ ಸಿಟ್ಟಿಲ್ಲ. ಮಗುವಿಗೆ ನಾಯಿ ಕಚ್ಚಿದೆ ಅಂತ ತಾಯಿ ಬಂದು ಬೈದರೆ ನಾನು ಎದುರು ಮಾತಾಡಲ್ಲ. ಮೊದಲು ಸೋಪು ಹಾಕಿ ಹದಿನೈದು ನಿಮಿಷ ನೀರು ಬಿಟ್ಟು ತೊಳೆಸುತ್ತೇನೆ, ಇಂಜೆಕ್ಷನ್‌ಗೆ ಕರ್ಕೊಂಡು ಹೋಗುತ್ತೇನೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಯಾವ ಔಷಧಿಯೂ ಇಲ್ಲ, ಆಟ ಆಡುವ ವಿಷಯ ಅಲ್ಲ ಅದು. ನನಗೆ ಉರಿಯುವುದು ನಮ್ಮವರ ಮೇಲೂ. ದಿನಾ ಬಿಸ್ಕತ್ತು ಹಾಕಿ ಫೋಟೋ ಏರಿಸುವವರು ಇದ್ದಾರಲ್ಲ, ಆಪರೇಷನ್‌ಗೆ ನಾಯಿ ಹಿಡಿಯಲು ವ್ಯಾನ್ ಬಂದ ದಿನ ಅವರ ಫೋನ್ ಸ್ವಿಚ್ ಆಫ್. ಆ ನಾಯಿ ಅವರ ಕೈಗೆ ಮಾತ್ರ ಸಿಗುತ್ತೆ ಕಣ್ರೀ! ಅನ್ನ ಹಾಕಿ ಆಪರೇಷನ್ ಮಾಡಿಸದೆ ಬಿಟ್ಟರೆ ಮುಂದಿನ ವರ್ಷದ ಡಬ್ಬಗಳನ್ನು ನೀವೇ ಇಟ್ಟ ಹಾಗೆ.

ದುಡ್ಡಿನ ಮಾತು ಬೇಡ. ಮೆಡಿಕಲ್ ಸ್ಟೋರಿನಲ್ಲಿ ನನ್ನ ಸಾಲದ ಪುಸ್ತಕ ಇದೆ, ಅಮ್ಮನಿಗೆ ಗೊತ್ತಿಲ್ಲ, ಅಷ್ಟು ಸಾಕು.

ಒಳ್ಳೆಯವರೂ ಇದ್ದಾರೆ. ರಕ್ತ ಸೋರುವ ನಾಯಿಯನ್ನು ಸೀಟಿನ ಮೇಲೇ ಮಲಗಿಸಿ "ತೊಳ್ಕೋತೀನಿ ಬಿಡಿ ಅಕ್ಕ" ಅಂದ ಆಟೋದವರು, ಕೋಳಿ ಕಾಲು ತಲೆ ತೆಗೆದಿಟ್ಟು ಕಾಸು ಮುಟ್ಟದ ಚಿಕನ್ ಅಂಗಡಿಯವರು. ಇವರ್ಯಾರೂ ತಮ್ಮನ್ನು ಪ್ರಾಣಿಪ್ರಿಯರು ಅಂತ ಕರೆದುಕೊಂಡಿದ್ದನ್ನು ನಾನು ಕೇಳಿಲ್ಲ.

ಹಾಗಾಗಿ, ಫೋನ್ ಮಾಡಬೇಡಿ ಅನ್ನಲ್ಲ. ಮಾಡಿ. ಮಾಡಿ ಅಲ್ಲೇ ನಿಲ್ಲಿ. ಬರಿಗೈ ಹಾಕಬೇಡಿ, ನೋವಿಗೆ ಕಚ್ಚುತ್ತದೆ. ಬಾಯಿಗೆ ನೀರು ಸುರಿಯಬೇಡಿ. ಗಾಡಿಗಳು ಹತ್ತದ ಹಾಗೆ ನಿಮ್ಮ ಬೈಕ್ ಅಡ್ಡ ನಿಲ್ಲಿಸಿ. ಆದರೆ, ಅಂದರೆ ಸಾಧ್ಯವಾದರೆ, ಒಂದು ಗೋಣಿಚೀಲ, ಒಂದು ಆಟೋ ಹುಡುಕಿಡಿ. ಬರೀ ಲೊಕೇಶನ್ ಕಳಿಸಿ ಆಫೀಸಿಗೆ ಹೋಗುವವರ ಫೋನನ್ನು ಇನ್ನು ಮೇಲೆ ನಾನು ಎತ್ತಲ್ಲ.

ಹೀಗೆ ಪ್ರತೀ ಸಲ ಹೇಳುತ್ತೇನೆ. ಎತ್ತದೇ ಇರಲು ನನ್ನಿಂದ ಆಗಲ್ಲ ಅಂತ ನಿಮಗೂ ಗೊತ್ತು. ಅದಕ್ಕೇ ಅಲ್ವಾ ಮಾಡೋದು?