ಟ್ಯಾಲಿನ್‌ನಲ್ಲಿ ಪ್ರವಾಸಿಗರಿಗೆ ಬಸ್, ಟ್ರಾಮ್ ಉಚಿತ ಅಲ್ಲ

'ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ನಲ್ಲಿ ಬಸ್, ಟ್ರಾಮ್ ಎಲ್ಲರಿಗೂ ಫ್ರೀ, ಟಿಕೆಟ್ಟೇ ಬೇಡ' ಅನ್ನೋ ಮೆಸೇಜ್ ಓಡಾಡುತ್ತಿದೆ. ನಾನೂ ಅದನ್ನು ನಂಬಿ ಇಬ್ಬರಿಗೆ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

2013ರ ಜನವರಿಯಿಂದ ಅಲ್ಲಿ ಉಚಿತ ಪ್ರಯಾಣ ಇರುವುದು ನಿಜ. ಆದರೆ ಅದು ಟ್ಯಾಲಿನ್ ನಿವಾಸಿಗಳು ಅಂತ ಹೆಸರು ನೋಂದಾಯಿಸಿಕೊಂಡವರಿಗೆ. ಊರು ನೋಡಲು ಹೋದ ನಾವು ಟಿಕೆಟ್ ತಗೊಳ್ಳಲೇಬೇಕು. ಕಷ್ಟವೇನಿಲ್ಲ. ಮುಂದಿನ ಬಾಗಿಲಲ್ಲಿ ಹತ್ತಿ, ಅಲ್ಲೇ ಇರುವ ಯಂತ್ರಕ್ಕೆ ಬ್ಯಾಂಕ್ ಕಾರ್ಡ್ ಮುಟ್ಟಿಸಿದರೆ ಆಯಿತು. ಹಾಗೆ ಮಾಡದೆ ಸುಮ್ನೆ ಕೂತು ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ದಂಡ.

ಈ ಗೊಂದಲ ಬಹುಶಃ ಲಕ್ಸೆಂಬರ್ಗ್‌ನಿಂದ ಬಂದಿರಬೇಕು. ಅಲ್ಲಿ 2020ರಿಂದ ದೇಶದೊಳಗಿನ ಬಸ್, ಟ್ರಾಮ್, ರೈಲು ಪ್ರವಾಸಿಗರಿಗೂ ಉಚಿತ. ರೈಲಿನ ಮೊದಲ ದರ್ಜೆಗೆ ಮಾತ್ರ ದುಡ್ಡು.

ಹಾಗಂತ ಟ್ಯಾಲಿನ್‌ನಲ್ಲಿ ಖರ್ಚು ಜಾಸ್ತಿ ಅಂತ ಹೆದರಬೇಡಿ. 1997ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಹಳೇ ಊರನ್ನು ನಡೆದೇ ನೋಡಬಹುದು, ನಡೆದೇ ನೋಡಬೇಕು ಕೂಡ. ಟೌನ್ ಹಾಲ್ ಚೌಕದ ಮೂಲೆಯಲ್ಲಿ ಒಂದು ಔಷಧ ಅಂಗಡಿ ಇದೆ. 1422ರ ದಾಖಲೆಯಲ್ಲೇ ಅದರ ಹೆಸರಿದೆ, ಇಂದಿಗೂ ಮಾತ್ರೆ ಮಾರುತ್ತದೆ! ಅಲ್ಲಿಂದ ಕಲ್ಲುಹಾಸಿನ ದಾರಿಯಲ್ಲಿ ತೂಂಪೆಯಾ ಗುಡ್ಡ ಹತ್ತಿದರೆ ಕೆಂಪು ಹೆಂಚಿನ ಮನೆಗಳು, ಕೋಟೆಯ ಬುರುಜುಗಳು, ಅವುಗಳಾಚೆ ಸಮುದ್ರ. ಟ್ರಾಮ್ ಬೇಕಾಗುವುದು ಕಾದ್ರಿಯೋರ್ಗ್ ಅರಮನೆಯಂಥ ಸ್ವಲ್ಪ ದೂರದ ಜಾಗಗಳಿಗೆ.

ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ. ಕಳಿಸಿಬಿಟ್ಟಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.