ಸ್ಟ್ರೈಯೇಟಮ್ ಭಾಗದ ಜಿ-ಓಲ್ಫ್ ಬಗ್ಗೆ

ಇಲಿಗಳ ಮಿದುಳಿನಲ್ಲಿ ಜಿ-ಪ್ರೋಟೀನಿನ (ಗ್ರಾಹಕಗಳು ಹಿಡಿದ ಸಂಕೇತವನ್ನು ಜೀವಕೋಶದ ಒಳಕ್ಕೆ ದಾಟಿಸುವ ಪ್ರೋಟೀನಿನ) ಉಪಘಟಕಗಳು, ಅಂದರೆ ಅದರ ಆಲ್ಫಾ, ಬೀಟಾ, ಗಾಮಾ ಎಂಬ ಬಿಡಿಭಾಗಗಳು, ಎಲ್ಲೆಡೆ ಹೆಚ್ಚುಕಡಿಮೆ ಸಮನಾಗಿ ಹರಡಿವೆ ಎಂದು ಇಲ್ಲಿ ವಿಮರ್ಶಿಸುತ್ತಿರುವ ಲೇಖನ ಹೇಳುತ್ತದೆ. ಹೇರಳವಾಗಿರುವ ಜಿ-ಓ ಆಲ್ಫಾ ಎಂಬ ಉಪಘಟಕದ ಮಟ್ಟಿಗೆ ಈ ಮಾತನ್ನು ಒಪ್ಪಬಹುದಾದರೂ, ಮಿದುಳಿನ ಆಳದಲ್ಲಿದ್ದು ಚಲನೆಯ ನಿಯಂತ್ರಣಕ್ಕೆ ನೆರವಾಗುವ ಸ್ಟ್ರೈಯೇಟಮ್ ಭಾಗಕ್ಕೆ ಬಂದರೆ ಅದು ನಿಲ್ಲುವುದಿಲ್ಲ. 1989ರಲ್ಲಿ ಮೂಗಿನ ಘ್ರಾಣಕೋಶಗಳಲ್ಲಿ ಗುರುತಿಸಲಾದ ಜಿ-ಓಲ್ಫ್ ಆಲ್ಫಾ ಎಂಬ ಉಪಘಟಕ ಸ್ಟ್ರೈಯೇಟಮ್‌ನ ನರಕೋಶಗಳಲ್ಲೂ ಯಥೇಚ್ಛವಾಗಿದ್ದು, ಮಿದುಳಿನ ತೊಗಟೆಯಲ್ಲಿ ಜಿ-ಎಸ್ ಎಂಬ ಇನ್ನೊಂದು ಜಿ-ಪ್ರೋಟೀನ್ ಮಾಡುವ ಕೆಲಸವನ್ನು, ಅಂದರೆ ಡೋಪಮೀನ್ ಎಂಬ ನರಸಂದೇಶವಾಹಕದ ಡಿ1 ಗ್ರಾಹಕದ ಸಂಕೇತವನ್ನು, ಕೋಶದೊಳಗೆ ಮುಂದಿನ ಸಂದೇಶವಾಹಕವನ್ನು ತಯಾರಿಸುವ ಅಡಿನೈಲಿಲ್ ಸೈಕ್ಲೇಸ್ ಕಿಣ್ವಕ್ಕೆ ದಾಟಿಸುವುದನ್ನು, ಇಲ್ಲಿ ಬಹುಪಾಲು ತಾನೇ ವಹಿಸಿಕೊಂಡಿದೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಇದರ ಜೊತೆಗಾರನಾದ ಗಾಮಾ-7 ಉಪಘಟಕದ ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳಲ್ಲಿ ಜಿ-ಓಲ್ಫ್‌ನ ಪ್ರಮಾಣವೂ ಕುಸಿಯುತ್ತದೆ. ಇಡೀ ಮಿದುಳನ್ನು ಅರೆದು ಸರಾಸರಿ ತೆಗೆದರೆ ಇಂಥ ವ್ಯತ್ಯಾಸಗಳು ಮುಚ್ಚಿಹೋಗುವುದರಿಂದ, ಲೇಖಕರು ಭಾಗವಾರು ಅಳತೆಗಳನ್ನೇ ಕೊಡಬೇಕಿತ್ತು.