ವಿಜಯಪುರ ಮೊದಲು, ಅಂದ್ರೆ ಕೊನೆಗೆ

'ಆದ್ಯತೆಯ ಕ್ರಮದಲ್ಲಿ ಮೂರು ಪರೀಕ್ಷಾ ಕೇಂದ್ರ ಆರಿಸಿ.' ಈ ಸಾಲು ನೋಡಿ ನಿಮ್ಮಲ್ಲಿ ಎಷ್ಟೋ ಜನ ಹಲ್ಲು ಕಡಿದಿರುತ್ತೀರಿ. ನಮ್ಮಣ್ಣನ ಮಗಳ ಪರೀಕ್ಷೆಯ ಅರ್ಜಿ ಫೋನಿನಲ್ಲಿ ತುಂಬೋದು ನನ್ನ ಪಾಲಿಗೆ ಬಂದಿತ್ತು.

ಮೊದಲು ನಮ್ಮೂರು ವಿಜಯಪುರ ಒತ್ತಿದೆ. ಆಮೇಲೆ ಬಾಗಲಕೋಟೆ. ಇರಲಿ ಅಂತ ಬೆಳಗಾವಿ. ಕಣ್ಣೆದುರಿಗೇ ವಿಜಯಪುರ ಮೆಲ್ಲಗೆ ಜಾರಿ ಕೆಳಗೆ ಹೋಗಿ ಕೂತಿತು. ಈಗ ಬಾಗಲಕೋಟೆ 1, ಬೆಳಗಾವಿ 2. ಅಳಿಸಿ ಮತ್ತೆ ಒತ್ತಿದೆ, ಮತ್ತೆ ಜಾರಿತು. ಪಕ್ಕದಲ್ಲಿ ಮೂರು ಗೆರೆಯ ಗುರುತು ಇತ್ತು. ಬೆರಳಿಟ್ಟು ಎಳೆದೆ. ಊರು ಅಲ್ಲಾಡಲಿಲ್ಲ, ಇಡೀ ಪುಟ ಮೇಲೆ ಹೋಯಿತು. "ಬಿಡ್ರಿ ಕಾಕಾ, ಫೋನ್ ಹರಿದು ಹೋದೀತು" ಅಂದಳು ಹುಡುಗಿ.

ತಪ್ಪು ನಮ್ಮದೂ ಇದೆ. ಬಿಜಾಪುರ ಅಂತಿದ್ದಾಗ ನಾವೂ 'ಬಿ' ಸಾಲಲ್ಲೇ ಇದ್ದೆವು. 2014ರ ನವೆಂಬರ್ 1ಕ್ಕೆ ವಿಜಯಪುರ ಆದೆವು. ಆ ಖುಷಿಯಲ್ಲಿ ಇಂಗ್ಲಿಷ್ ಅಕ್ಷರಕ್ರಮದ ಪಟ್ಟಿಯ ತಳಕ್ಕೆ ಬಿದ್ದದ್ದು ಗೊತ್ತೇ ಆಗಲಿಲ್ಲ. 31 ಜಿಲ್ಲೆಗಳಲ್ಲಿ ನಮ್ಮದು 30ನೆಯದು. ಹಿಂದೆ ಯಾದಗಿರಿ ಒಂದೇ, ಪಾಪ. 2021ರಲ್ಲಿ ಹುಟ್ಟಿದ ವಿಜಯನಗರವೂ ನಮಗಿಂತ ಮುಂದೆ. 1997ರಲ್ಲಿ ನಮ್ಮಿಂದಲೇ ಪಾಲು ತಗೊಂಡು ಹೋದ ಬಾಗಲಕೋಟೆಗೆ ಪಂಕ್ತಿಯಲ್ಲಿ ಮೊದಲ ಎಲೆ!

ಗೋಳಗುಮ್ಮಟ ಹತ್ತಿ 'ವಿಜಯಪುರ, ಬಾಗಲಕೋಟೆ, ಬೆಳಗಾವಿ' ಅಂತ ಕೂಗಿ ನೋಡಿ. ಏಳು ಸಲ ತಿರುಗಿ ಹೇಳುತ್ತೆ, ಒಂದು ಸಲವೂ ಕ್ರಮ ತಪ್ಪಲ್ಲ. 1656ರ ಕಟ್ಟಡ. ಸರ್ವರ್ ಡೌನ್ ಅಂತ ಒಂದು ದಿನವೂ ಅಂದಿಲ್ಲ.

ಬೆಂಗಳೂರಲ್ಲಿ ಸಾಫ್ಟ್‌ವೇರ್ ಮಾಡುವ ಅಳಿಯನನ್ನು ಕೇಳಿದೆ. "ಮ್ಯಾಲ ಚಂದ ಬಣ್ಣ ಬಡದಾರ್ರಿ ಮಾಮಾ, ಒಳಗ ಹಳೇ ಎಚ್‌ಟಿಎಂಎಲ್ ಸೆಲೆಕ್ಟ್, ಅಂದ್ರ ವೆಬ್ ಪುಟದಾಗ ಆರಿಸೂ ಸಾದಾ ಪಟ್ಟಿ. ಯಾವ್ಯಾವ ಊರು ಆರಿಸೀರಿ ಅಂತ ಅಷ್ಟೇ ಕಳಸ್ತೈತಿ. ಯಾವುದನ್ನ ಮೊದಲು ಒತ್ತಿದ್ರಿ ಅನ್ನೂದು ಅದಕ್ಕ ಬೇಕಾಗಿಲ್ಲ. ಪಟ್ಟಿಯೊಳಗ ಮ್ಯಾಲಿದ್ದದ್ದೇ ಮೊದಲು" ಅಂದ. ಹಂಗಾದ್ರೆ ಆ ಮೂರು ಗೆರೆ? ಸುಮ್ನೆ ಅಲಂಕಾರಕ್ಕಂತೆ. ಪ್ರತಿ ಊರಿನ ಪಕ್ಕ ಎರಡು ಬಾಣ ಇಟ್ಟಿದ್ದರೆ ಸಾಕಿತ್ತಂತೆ, ಮೇಲಕ್ಕೊಂದು, ಕೆಳಕ್ಕೊಂದು. ಬೆರಳಲ್ಲಿ ಎಳೆಯೋಕಾಗದವರಿಗೆ ಒತ್ತುವ ದಾರಿಯೂ ಇರಬೇಕು ಅಂತ 2023ರಲ್ಲಿ ಬಂದ ವೆಬ್ ಮಾರ್ಗಸೂಚಿಯಲ್ಲೇ ಇದೆಯಂತೆ. ಅರ್ಧ ದಿನದ ಕೆಲಸ, ಅಂದ.

ಆ ಅರ್ಧ ದಿನವನ್ನು ಯಾರೋ ಉಳಿಸಿಕೊಂಡರು. ಹುಡುಗಿಗೆ ಬೆಳಗಾವಿ ಬಂತು. ಹತ್ತಿರ ಹತ್ತಿರ 200 ಕಿಲೋಮೀಟರ್. ಬೆಳಗ್ಗೆ ಪರೀಕ್ಷೆ ಅಂದ್ರೆ ಹಿಂದಿನ ರಾತ್ರಿಯೇ ಬಸ್ಸು. ಒಬ್ಬಳನ್ನೇ ಕಳಿಸೋಕಾಗಲ್ಲ ಅಂತ ಅಣ್ಣ ಎರಡು ದಿನ ಅಂಗಡಿ ಮುಚ್ಚಬೇಕು. ಸಹಾಯವಾಣಿಗೆ ಫೋನ್ ಮಾಡಿದರೆ "ನೀವೇ ಕೊಟ್ಟ ಆದ್ಯತೆ ಸರ್" ಅಂದರು. ನಾವು ಕೊಟ್ಟಿಲ್ಲ ಸ್ವಾಮಿ. ನಾವು ವಿಜಯಪುರ ಅಂದೆವು. ಮೂರು ಸಲ ಅಂದೆವು. ಕೇಳಿಸಿಕೊಳ್ಳದಿದ್ದರೆ ಕೇಳಿದ್ದು ಯಾಕೆ?

ಒಳಗೆ ವೈನಿ ಬುತ್ತಿ ಕಟ್ಟುತ್ತಿದ್ದಾರೆ. ಕೆಳಗೆ ರೊಟ್ಟಿ, ಅದರ ಮೇಲೆ ಶೇಂಗಾ ಚಟ್ನಿ, ಮೇಲೊಂದು ಉಳ್ಳಾಗಡ್ಡಿ. ಇಟ್ಟದ್ದು ಇಟ್ಟಲ್ಲೇ ಇದೆ.